ಭಯ, ಬಲಹೀನತೆ ಮತ್ತು ದೇವರ ಸಾನ್ನಿಧ್ಯ: ಕ್ರೈಸ್ತ ಪರಂಪರೆಯ ಒಂದು ಅವಲೋಕನ

ಹೆದರಿಕೆಯಲ್ಲಿ, ಕಾಯಿಲೆಯಲ್ಲಿ, ಸೋಲಿನಲ್ಲಿ ದೇವರು ಜೊತೆಗಿರುತ್ತಾನೆಂಬ ನಂಬಿಕೆ ಎಷ್ಟೋ ಧರ್ಮಗಳಲ್ಲಿದೆ. ಕ್ರೈಸ್ತಧರ್ಮದಲ್ಲಿ ಅದಕ್ಕೆ ಬೇರೆಯೇ ತೂಕ ಬಂದಿದೆ. ಆ ಧರ್ಮದ ನಟ್ಟನಡುವೆ ನಿಂತಿರುವುದು ಸಾವಿನ ಹಿಂದಿನ ರಾತ್ರಿ ನಡುಗಿ, ಮರುದಿನ ಮರಕ್ಕೆ ಮೊಳೆ ಹೊಡೆಸಿಕೊಂಡು ಸತ್ತ ಒಬ್ಬನ ಚಿತ್ರ. ಮತ್ತಾಯನ ಸುವಾರ್ತೆ ಮೊದಲ ಅಧ್ಯಾಯದಲ್ಲೇ ಯೇಸುವಿಗೆ ಇಮ್ಮಾನುವೇಲ್ ಎಂಬ ಹೆಸರನ್ನು ಹೊಂದಿಸುತ್ತದೆ. ‘ದೇವರು ನಮ್ಮ ಕೂಡ’ ಎಂದು ಅದರ ಹೀಬ್ರೂ ಅರ್ಥ. ಅದೇ ಸುವಾರ್ತೆಯ ಕಡೆಯ ವಾಕ್ಯವೂ ಜೊತೆಗಿರುವ ಮಾತೇ. ಆದರೆ ಜೊತೆಗಿರುವುದು ಎಂದರೇನು? ದೇವರು ಬಂದರೆ ಭಯ ಓಡಿಹೋಗುತ್ತದೆ, ಭಯ ಉಳಿದಿದ್ದರೆ ನಂಬಿಕೆ ಸಾಲದು ಎಂಬ ವ್ಯಾಖ್ಯಾನ ಪ್ರವಚನಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಬೈಬಲ್ಲನ್ನೂ ಅದನ್ನು ಓದಿಕೊಂಡು ಬಂದ ಎರಡು ಸಾವಿರ ವರ್ಷಗಳ ಪರಂಪರೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ವ್ಯಾಖ್ಯಾನ ನಿಲ್ಲುವುದಿಲ್ಲ. ಕ್ರೈಸ್ತ ಚಿಂತನೆಯ ಗಟ್ಟಿ ಧಾರೆ ಸಾನ್ನಿಧ್ಯವನ್ನೂ ಉಪಶಮನವನ್ನೂ ಎರಡು ಬೇರೆ ಸಂಗತಿಗಳೆಂದೇ ಬಗೆದಿದೆ; ಎರಡೂ ಒಂದೇ ಎಂದುಕೊಂಡ ಕಡೆಯಲ್ಲೆಲ್ಲ ಎಡವಿದೆ.

‘ಭಯಪಡಬೇಡ’ ಎಂಬ ಮಾತು ಬೈಬಲ್ಲಿನಲ್ಲಿ 365 ಸಲ ಬರುತ್ತದೆ, ದಿನಕ್ಕೊಂದರಂತೆ, ಎಂದು ಹೇಳುವುದುಂಟು. ಎಣಿಸಲು ಕೂತವರಿಗೆ ಅಷ್ಟು ಸಿಕ್ಕಿಲ್ಲ. ಲೆಕ್ಕಕ್ಕಿಂತ ಮುಖ್ಯವಾದದ್ದು ಆ ಮಾತಿನ ಬೆನ್ನಿಗೆ ಬರುವ ಕಾರಣ. ಇಸಾಕನಿಗಾಗಲಿ, ಯೆಶಾಯನ ಗ್ರಂಥದಲ್ಲಿ ಸೆರೆಹೋದ ಜನಕ್ಕಾಗಲಿ, ಹರೆಯದ ಯೆರೆಮೀಯನಿಗಾಗಲಿ ಹೇಳಿದ್ದು ಅಪಾಯವಿಲ್ಲ ಎಂದಲ್ಲ, ನಾನಿದ್ದೇನೆ ಎಂದು. ಈ ಆಶ್ವಾಸನೆ ಪಡೆದ ಯೆರೆಮೀಯನ ಬಾಳು ಹೇಗಾಯಿತೆಂಬುದಕ್ಕೆ ಅವನ ಗ್ರಂಥದ 38ನೆಯ ಅಧ್ಯಾಯ ಸಾಕ್ಷಿ. ಬಾಬಿಲೋನಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದಾಗ ಶರಣಾಗಿರೆಂದು ಸಾರಿದ ತಪ್ಪಿಗೆ ಅಧಿಕಾರಿಗಳು ಅವನನ್ನು ಹಗ್ಗದಿಂದ ಬಾವಿಗಿಳಿಸಿದರು; ನೀರಿರಲಿಲ್ಲ, ಕೆಸರಿತ್ತು, ಅವನು ಹೂತುಹೋದ. ಆಗ ದೇವದೂತರು ಇಳಿದು ಬರಲಿಲ್ಲ. ಅರಮನೆಯಲ್ಲಿ ಊಳಿಗಕ್ಕಿದ್ದ ಎಬೆದ್ಮೆಲೆಕನೆಂಬ ಕೂಷ್ ದೇಶದವನು ಅರಸನ ಅಪ್ಪಣೆ ಪಡೆದು, ಉಗ್ರಾಣದಿಂದ ಹರಕು ಬಟ್ಟೆ, ಹಳೆಯ ಚಿಂದಿಗಳನ್ನು ಹೊತ್ತು ತಂದ. ಹಗ್ಗ ಕೊಯ್ಯದಂತೆ ಅವನ್ನು ಕಂಕುಳಿಗೆ ಇಟ್ಟುಕೋ ಎಂದು ಮೇಲಿನಿಂದ ಹೇಳಿ, ಆಮೇಲೆ ಎಳೆಸಿದ. ರಕ್ಷಣೆಯ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ವಿವರ ಇದು. ಈ ಗ್ರಂಥ ಅದನ್ನು ಬಿಟ್ಟಿಲ್ಲ. ನಾನಿದ್ದೇನೆಂಬ ಮಾತು ಬಾವಿಯೊಳಗೆ ಒಬ್ಬ ಪರದೇಶಿಯ ಕೈಯ ಚಿಂದಿಬಟ್ಟೆಯಾಗಿ ಇಳಿದಿದೆ.

ಇನ್ನೂ ಹಳೆಯ ಉದಾಹರಣೆ ಎಲೀಯನದು. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳನ್ನು ಸೋಲಿಸಿದ ವೀರ, ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ಜೀವ ಉಳಿಸಿಕೊಳ್ಳಲು ಓಡುತ್ತಾನೆ. ಬೇರ್ಷೆಬದಾಚೆಯ ಮರುಭೂಮಿಯಲ್ಲಿ ಒಂದು ಪೊದೆಯ ಕೆಳಗೆ ಕೂತು ಸಾವು ಬೇಡುತ್ತಾನೆ. ಅವನಿಗೆ ಸಿಗುವುದು ಉಪದೇಶವಲ್ಲ. ಮೊದಲು ನಿದ್ದೆ, ಆಮೇಲೆ ಕಾದ ಕಲ್ಲಿನ ಮೇಲೆ ಬೆಂದ ರೊಟ್ಟಿ, ತಲೆದೆಸೆಯಲ್ಲಿ ಒಂದು ಪಾತ್ರೆ ನೀರು. ಉಂಡು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಉಣಿಸಲಾಗುತ್ತದೆ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ ಬಿರುಗಾಳಿ, ಭೂಕಂಪ, ಬೆಂಕಿ ಒಂದರ ಹಿಂದೊಂದು ಹಾದುಹೋಗುತ್ತವೆ. ದೇವರು ಯಾವುದರಲ್ಲೂ ಇಲ್ಲ. ಕೊನೆಗೆ ಕೇಳುವುದನ್ನು ಹೀಬ್ರೂ ಮೂಲ ಮೂರು ಪದಗಳಲ್ಲಿ ಹೇಳುತ್ತದೆ: ಕೋಲ್ ದೆಮಾಮಾ ದಕ್ಕಾ, ತೆಳ್ಳನೆಯ ಮೌನದ ಸದ್ದು. ಈ ಮೌನದ ಬಗ್ಗೆ ಪುಟಗಟ್ಟಲೆ ಬರೆದವರು ಅದರಾಚೆಯ ಒಂದು ಸಂಗತಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಮೌನಕ್ಕೆ ಮುಂಚೆ ಎಲೀಯ ಹೇಳಿಕೊಂಡ ದೂರನ್ನೇ ಮೌನದ ನಂತರವೂ ಹೇಳುತ್ತಾನೆ. ನಾನೊಬ್ಬನೇ ಉಳಿದಿದ್ದೇನೆ, ನನ್ನನ್ನೂ ಕೊಲ್ಲಲು ಹುಡುಕುತ್ತಿದ್ದಾರೆ ಎಂಬ ಗೋಳು ಮೌನಕ್ಕೆ ಮುಂಚಿನ ವಚನದಲ್ಲಿ ಇರುವ ಹಾಗೆಯೇ ನಂತರದ ವಚನದಲ್ಲೂ ಇದೆ. ದೇವರ ಎದುರು ನಿಂತ ಅನುಭವ ಅವನ ಮನಸ್ಸನ್ನು ತಿಳಿಯಾಗಿಸಿಲ್ಲ. ಅದಕ್ಕೆ ದೇವರು ಕೊಡುವ ಉತ್ತರವೂ ಸಮಾಧಾನವಲ್ಲ. ಹಿಂದಿರುಗು, ಇಂಥಿಂಥವರಿಗೆ ಅಭಿಷೇಕ ಮಾಡು, ನಿನ್ನ ಜಾಗಕ್ಕೆ ಎಲೀಷನನ್ನು ತಯಾರು ಮಾಡು ಎಂಬ ಕೆಲಸದ ಪಟ್ಟಿ.

ಕೀರ್ತನೆಗಳ ಗ್ರಂಥಕ್ಕೆ ಬಂದರೆ ಈ ಧೋರಣೆ ಒಂದು ಪ್ರಾರ್ಥನಾ ಕ್ರಮವಾಗಿಯೇ ನೆಲೆಗೊಂಡಿದೆ. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಹರ್ಮನ್ ಗುಂಕೆಲ್ ಕೀರ್ತನೆಗಳನ್ನು ಪ್ರಕಾರಗಳಾಗಿ ವಿಂಗಡಿಸಿದಾಗ ಪ್ರಲಾಪಗೀತೆಗಳ ಗುಂಪೇ ದೊಡ್ಡದಾಗಿ ಕಂಡಿತು. 150ರಲ್ಲಿ ಸುಮಾರು ಮೂರನೆಯ ಒಂದು ಪಾಲು. ಇವುಗಳಲ್ಲಿ ಹೆಚ್ಚಿನವು ಗೋಳಿನಿಂದ ಹೊರಟು ಸ್ತುತಿಯಲ್ಲಿ ನಿಲ್ಲುತ್ತವೆ. 88ನೆಯದು ನಿಲ್ಲುವುದಿಲ್ಲ. ಅದರ ಹೀಬ್ರೂ ಮೂಲದ ಕಟ್ಟಕಡೆಯ ಪದ ಕತ್ತಲೆಯೇ. ದೇವರನ್ನು ಹಗಲಿರುಳು ಕೂಗಿ, ಉತ್ತರವೇ ಸಿಗದೆ ಮುಗಿಯುವ ಈ ಹಾಡನ್ನು ಸಂಕಲಿಸಿದವರು ಬಿಸಾಡಬಹುದಿತ್ತು, ಅಥವಾ ಕೊನೆಗೊಂದು ಸಾಲು ಸಮಾಧಾನ ಹೊಲಿಯಬಹುದಿತ್ತು. ಎರಡನ್ನೂ ಮಾಡದೆ ದೇವಾಲಯದ ಹಾಡುಗಳ ನಡುವೆ ಇಟ್ಟರು. ಅಮೆರಿಕದ ವಿದ್ವಾಂಸ ವಾಲ್ಟರ್ ಬ್ರೂಗ್ಮನ್ 1986ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಆಧುನಿಕ ಸಭೆಗಳು ಆರಾಧನೆಯಿಂದ ಪ್ರಲಾಪವನ್ನು ಕೈಬಿಟ್ಟದ್ದಕ್ಕೆ ತೆತ್ತ ಬೆಲೆಯನ್ನು ಲೆಕ್ಕ ಹಾಕಿದ್ದಾರೆ: ದೂರುವ ಹಕ್ಕು ಹೋದ ಮೇಲೆ ದೇವರೊಡನೆ ಉಳಿಯುವ ಸಂಬಂಧ ಹೊಗಳುಭಟರದು. ಈ ಮಾತಿನಲ್ಲಿ ಹುರುಳಿದೆ. ಜಗಳವಾಡುವಷ್ಟು ಹತ್ತಿರದಲ್ಲಿ ಯಾರೋ ಇದ್ದಾರೆಂದು ನಂಬಿದವನು ಮಾತ್ರ ಪ್ರಲಾಪ ಹಾಡುತ್ತಾನೆ. ಯಾರೂ ಇಲ್ಲದ ಕೋಣೆಯಲ್ಲಿ ದೂರು ಹೇಳುವವರಿಲ್ಲ.

ಇದಕ್ಕೆ ಬೈಬಲ್ಲಿನೊಳಗಿನಿಂದಲೇ ಒಂದು ಆಕ್ಷೇಪ ಎತ್ತಬಹುದು. ಪೂರ್ಣಪ್ರೀತಿಯು ಭಯವನ್ನು ಹೊರಗಟ್ಟುತ್ತದೆಂದು ಯೋಹಾನನ ಮೊದಲ ಪತ್ರ ಹೇಳುತ್ತದಲ್ಲ? ಹೇಳುತ್ತದೆ. ಆದರೆ ಅಲ್ಲಿನ ಮಾತು ತೀರ್ಪಿನ ದಿನದ್ದು. ಹೊರಹೋಗುವ ಭಯ ದಂಡನೆಯ ಭಯ. ಬಿರುಗಾಳಿಯ ಭಯವಾಗಲಿ ರೋಗದ ಭಯವಾಗಲಿ ಆ ವಾಕ್ಯದ ವಿಷಯವಲ್ಲ. ಬಿರುಗಾಳಿಯ ಕಥೆಯನ್ನು ಮಾರ್ಕನಲ್ಲಿ ಓದಿದರೆ ವಿಷಯ ಇನ್ನಷ್ಟು ಜಟಿಲವಾಗುತ್ತದೆ. ದೋಣಿಯೊಳಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದಾನೆ. ಶಿಷ್ಯರು ಎಬ್ಬಿಸಿದಾಗ ಎದ್ದು ಗಾಳಿಯನ್ನು ಗದರಿಸುತ್ತಾನೆ. ಅವರು ವಿಪರೀತ ಹೆದರಿದರೆಂದು ಮಾರ್ಕ ಬರೆಯುವುದು ಅಲೆಯೆದ್ದಾಗ ಅಲ್ಲ, ನೀರು ಶಾಂತವಾದ ಮೇಲೆ. ದೋಣಿಯಲ್ಲಿ ತಮ್ಮ ಜೊತೆ ಇರುವವನು ಯಾರೆಂಬ ಪ್ರಶ್ನೆಯೇ ಬಿರುಗಾಳಿಗಿಂತ ಭಯಂಕರವಾಗಿತ್ತು. ಕನ್ನಡಕ್ಕೆ ಇದು ಹೊಸದಲ್ಲ, ‘ಭಯಭಕ್ತಿ’ ಎಂಬ ಜೋಡಿಪದವೇ ಬಳಕೆಯಲ್ಲಿದೆ. ಹೀಬ್ರೂವಿನ ‘ಯಿರ್ಆ’ ಒಂದೇ ಪದದಲ್ಲಿ ಎರಡನ್ನೂ ಹೊರುತ್ತದೆ. ಸಾನ್ನಿಧ್ಯ ಒಂದು ಭಯವನ್ನು ತೆಗೆದು ಇನ್ನೊಂದನ್ನು ಕೊಟ್ಟದ್ದೂ ಉಂಟು.

ವಾದದ ನಿಜವಾದ ಪರೀಕ್ಷೆ ನಡೆಯುವುದು ಗೆತ್ಸೆಮನೆ ತೋಟದಲ್ಲಿ. ಅಲ್ಲಿ ಹೆದರಿದವನು ಭಕ್ತನಲ್ಲ, ಕ್ರೈಸ್ತರು ದೇವಪುತ್ರನೆಂದು ಪೂಜಿಸುವವನು. ಸಂಕಟದ ಪಾತ್ರೆ ತನ್ನಿಂದ ತೊಲಗಲೆಂದು ಯೇಸು ಬೇಡಿಕೊಂಡ, ಪಾತ್ರೆ ತೊಲಗಲಿಲ್ಲ. ಮೂವರು ಆಪ್ತರನ್ನು ಎಚ್ಚರವಾಗಿರಲು ಕೇಳಿಕೊಂಡ, ಅವರೂ ನಿದ್ದೆಹೋದರು. 2ನೆಯ ಶತಮಾನದ ತತ್ತ್ವಜ್ಞಾನಿ ಸೆಲ್ಸಸ್ ಇದನ್ನೇ ಹಿಡಿದು ಲೇವಡಿ ಮಾಡಿದ: ದೇವರಾದವನು ಸಾವಿಗೆ ಅಂಜಿ ಗೋಳಾಡುವುದುಂಟೆ? ಗ್ರೀಕ್ ಆದರ್ಶದ ಸಾಕ್ರೆಟಿಸ್ ವಿಷದ ಬಟ್ಟಲನ್ನು ಕೈ ನಡುಗದೆ ಎತ್ತಿದವನು. ಆ ಅಳತೆಗೋಲಿನಲ್ಲಿ ಯೇಸು ನಿಶ್ಚಯವಾಗಿ ಸೋತ. ಇದಕ್ಕೆ 3ನೆಯ ಶತಮಾನದಲ್ಲಿ ಉತ್ತರ ಬರೆದ ಒರಿಜೆನ್, ಈ ಕಥೆಯನ್ನು ದಾಖಲಿಸಿದವರು ಶಿಷ್ಯರೇ, ಮರೆಮಾಚುವ ಉದ್ದೇಶವಿದ್ದಿದ್ದರೆ ಬರೆಯುತ್ತಲೇ ಇರಲಿಲ್ಲ ಎಂಬ ಎಳೆಯಲ್ಲಿ ವಾದಿಸಿದ. ಆದರೂ ಮುಜುಗರ ಕ್ರೈಸ್ತರಿಗೂ ಇದ್ದಂತಿದೆ. ಯೇಸುವಿನ ಬೆವರು ರಕ್ತದ ಹನಿಗಳಂತೆ ಬಿತ್ತು, ಅವನನ್ನು ಬಲಪಡಿಸಲು ದೂತನೊಬ್ಬ ಬಂದ ಎನ್ನುವ ಲೂಕನ ಎರಡು ವಚನಗಳು ವ್ಯಾಟಿಕಾನಸ್‌ನಂಥ ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ. ಯಾರೋ ಸೇರಿಸಿದರೋ, ನಾಚಿಕೊಂಡು ತೆಗೆದರೋ ಎಂದು ವಿದ್ವಾಂಸರು ಇಂದಿಗೂ ಕಿತ್ತಾಡುತ್ತಾರೆ. ದೂತ ಬಂದ ಮೇಲೆ ವೇದನೆ ಕಡಿಮೆಯಾಯಿತೆಂದು ಮಾತ್ರ ಆ ವಚನಗಳೂ ಹೇಳುವುದಿಲ್ಲ; ಪ್ರಾರ್ಥನೆಯೂ ಬೆವರೂ ತೀವ್ರವಾದದ್ದು ದೂತ ಬಂದ ಮೇಲೆಯೇ. ಏಳನೆಯ ಶತಮಾನದಲ್ಲಿ ಯೇಸುವಿಗೆ ಮಾನವ ಇಚ್ಛೆ ಪ್ರತ್ಯೇಕವಾಗಿ ಇತ್ತೇ ಎಂಬ ಚರ್ಚೆ ಎದ್ದಾಗ ಮ್ಯಾಕ್ಸಿಮಸ್ ಎಂಬ ಸನ್ಯಾಸಿ ಈ ತೋಟದ ದೃಶ್ಯವನ್ನೇ ಆಧಾರವಾಗಿ ಹಿಡಿದ. ಸಾವಿಗೆ ಹಿಂಜರಿಯುವುದು ಸೃಷ್ಟಿಸಹಜ, ಪಾಪವಲ್ಲ. ಯೇಸು ಹಿಂಜರಿದದ್ದು ನಿಜವಾಗಿಯೇ, ನಟನೆಯಲ್ಲ ಎಂದ. ಚಕ್ರವರ್ತಿಯ ಕಡೆಯವರು ಮುದುಕನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು, 662ರಲ್ಲಿ ತೀರಿಕೊಂಡ. 680-81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಎತ್ತಿಹಿಡಿದದ್ದು ಅವನು ಪ್ರತಿಪಾದಿಸಿದ ಸಿದ್ಧಾಂತವನ್ನೇ. ಭಯಪಡುವುದು ಮನುಷ್ಯತ್ವದ ಭಾಗವೆಂಬ ಮಾತಿಗೆ ಸಭೆಯ ಅಧಿಕೃತ ಮುದ್ರೆ ಬಿದ್ದದ್ದು ಹೀಗೆ, ಸಾಕಷ್ಟು ರಕ್ತ ಹರಿದ ಮೇಲೆ.

ಪೌಲನ ವಾದ ಇದಕ್ಕಿಂತ ಚುಟುಕು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತನ್ನ ಶರೀರಕ್ಕೆ ನಾಟಿದ ಶೂಲವೊಂದರ ಬಗ್ಗೆ ಹೇಳುತ್ತಾನೆ. ಅದು ಕಣ್ಣಿನ ರೋಗವೋ ಮೂರ್ಛೆಯೋ ವಿರೋಧಿಗಳ ಕಾಟವೋ ಎಂದು ಊಹಿಸುವುದರಲ್ಲಿ ವ್ಯಾಖ್ಯಾನಕಾರರು ಶತಮಾನಗಳನ್ನೇ ಕಳೆದಿದ್ದಾರೆ, ಪ್ರಯೋಜನವಾಗಿಲ್ಲ. ಮೂರು ಸಲ ಬೇಡಿಕೊಂಡರೂ ಶೂಲ ಹೋಗಲಿಲ್ಲ. ಬದಲಾಗಿ ದೊರೆತ ಉತ್ತರ, ದೈವಬಲ ತನ್ನ ಪೂರ್ತಿಯನ್ನು ಕಾಣುವುದು ಬಲಹೀನತೆಯಲ್ಲೇ ಎಂದು. ಸಂದರ್ಭ ನೆನಪಿಡಬೇಕು. ಕೊರಿಂಥದಲ್ಲಿ ಪೌಲನ ಎದುರಾಳಿಗಳು ತಮ್ಮ ವಾಕ್ಚಾತುರ್ಯವನ್ನು ಮುಂದೆಮಾಡಿ, ಅವನು ಪತ್ರದಲ್ಲಿ ಗಟ್ಟಿ, ಎದುರಿಗೆ ಬಂದರೆ ಸಪ್ಪೆ ಎಂದು ಆಡಿಕೊಳ್ಳುತ್ತಿದ್ದರು. ಬಲಹೀನತೆ ಇಲ್ಲಿ ಧ್ಯಾನದ ವಸ್ತುವಲ್ಲ, ಅಧಿಕಾರ ಯಾರಿಗೆ ಸೇರಿದ್ದೆಂಬ ಜಗಳದಲ್ಲಿ ಬಳಸಿದ ಪುರಾವೆ.

ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಆಂತೋನಿಯ ಚರಿತ್ರೆಯನ್ನು 4ನೆಯ ಶತಮಾನದಲ್ಲಿ ಅಥನೇಸಿಯಸ್ ಬರೆದ. ಸಮಾಧಿಯೊಂದರಲ್ಲಿ ಕತ್ತಲ ಶಕ್ತಿಗಳಿಂದ ಜಜ್ಜಿಸಿಕೊಂಡ ಮೇಲೆ ಬೆಳಕು ಕಂಡ ಆಂತೋನಿ ಮೊದಲು ಕೇಳುವುದು ಕೃತಜ್ಞತೆಯ ಮಾತಲ್ಲ, ಇಷ್ಟು ಹೊತ್ತು ಎಲ್ಲಿದ್ದೆ ಎಂದು. ಇಲ್ಲೇ ಇದ್ದೆ, ನಿನ್ನ ಹೋರಾಟ ನೋಡುತ್ತಿದ್ದೆ ಎಂಬುದು ಸಿಕ್ಕ ಉತ್ತರ. ಆರನೆಯ ಶತಮಾನದ ಬೆನೆಡಿಕ್ಟ್ ತನ್ನ ಮಠದ ನಿಯಮಾವಳಿಯಲ್ಲಿ ಮಲಗುವ ಮುನ್ನ ಪ್ರತಿರಾತ್ರಿ ಹೇಳಬೇಕಾದ ಕೀರ್ತನೆಗಳಲ್ಲಿ 91ನೆಯದನ್ನು ಸೇರಿಸಿದ. ರಾತ್ರಿಯ ಭಯ, ಹಗಲಿನ ಬಾಣ, ವ್ಯಾಧಿ ಯಾವುದೂ ತಟ್ಟದೆಂದು ಭರವಸೆ ಕೊಡುವ ಹಾಡು ಅದು. ಸ್ವಾರಸ್ಯವೆಂದರೆ ಸುವಾರ್ತೆಗಳಲ್ಲಿ ಇದೇ ಕೀರ್ತನೆಯನ್ನು ಉದ್ಧರಿಸುವವನು ಸೈತಾನ. ದೇವಾಲಯದ ತುದಿಯಿಂದ ಧುಮುಕು, ದೂತರು ಕಾಪಾಡುತ್ತಾರೆಂದು ಬರೆದಿದೆಯಲ್ಲ ಎಂದು ಯೇಸುವನ್ನು ಪುಸಲಾಯಿಸುತ್ತಾನೆ; ಯೇಸು ಧುಮುಕುವುದಿಲ್ಲ. ವಾಗ್ದಾನವನ್ನು ವಿಮೆಯ ಪಾಲಿಸಿಯಂತೆ ಓದುವುದು ಶೋಧನೆ ಎಂದು ಗ್ರಂಥವೇ ತೀರ್ಮಾನಿಸಿದೆ. ನಂಬಿಕೆಯಿದ್ದರೆ ರೋಗವಿಲ್ಲ, ಬಡತನವಿಲ್ಲ ಎನ್ನುವ 20ನೆಯ ಶತಮಾನದ ಸಮೃದ್ಧಿ ಬೋಧೆ ಎಡವಿದ್ದು ಇಲ್ಲೇ. ಕಾಯಿಲೆ ವಾಸಿಯಾಗದವನ ಹೆಗಲಿಗೆ ಅದು ಕಾಯಿಲೆಯ ಜೊತೆಗೆ ಅಪರಾಧಿಪ್ರಜ್ಞೆಯನ್ನೂ ಹೊರಿಸುತ್ತದೆ.

ಬೆನೆಡಿಕ್ಟನ ನಂತರದ ಶತಮಾನಗಳಲ್ಲಿ ಪ್ರಶ್ನೆ ಒಳಮುಖವಾಯಿತು: ದೇವರಿದ್ದಾನೆಂಬ ಭಾವನೆಯೇ ಬತ್ತಿಹೋದರೆ? 1527ರಲ್ಲಿ ಮಾರ್ಟಿನ್ ಲೂಥರ್ ಕುಸಿದುಬಿದ್ದು, ತಿಂಗಳುಗಟ್ಟಲೆ ಮನಸ್ಸು ಕಳೆಗುಂದಿ, ಅದೇ ವರ್ಷ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಊರು ಬಿಡದೆ ಉಳಿದ. ಮನಸ್ಸಿನ ಮೇಲಿನ ಇಂಥ ದಾಳಿಗೆ ಅವನು ಬಳಸಿದ ಜರ್ಮನ್ ಪದ ‘ಆನ್‌ಫೆಖ್ಟುಂಗ್’; ಕುಗ್ಗಿದವರಿಗೆ ಬರೆದ ಪತ್ರಗಳಲ್ಲಿ ಅವನು ಕೊಟ್ಟ ಸಲಹೆ ಆಶ್ಚರ್ಯವಾಗುವಷ್ಟು ಲೌಕಿಕ: ಒಂಟಿಯಾಗಿ ಕೂರಬೇಡ, ಜನರ ಜೊತೆ ಸೇರು, ಉಣ್ಣು, ನಗು. ಸ್ಪೇನಿನ ಶಿಲುಬೆಯ ಯೋಹಾನನನ್ನು ಅವನ ಸಂಘದವರೇ 1577ರ ಡಿಸೆಂಬರಿನಲ್ಲಿ ಹಿಡಿದೊಯ್ದು ಟೊಲೆಡೊದ ಇಕ್ಕಟ್ಟಾದ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. 1578ರ ಆಗಸ್ಟ್‌ವರೆಗೆ ಅಲ್ಲಿದ್ದು ತಪ್ಪಿಸಿಕೊಂಡ. ಆತ್ಮದ ಕತ್ತಲಿರುಳನ್ನು ದೇವರು ದೂರವಾದುದರ ಗುರುತಲ್ಲ, ಕಣ್ಣು ತಾಳಲಾರದಷ್ಟು ಹತ್ತಿರ ಬಂದುದರ ಗುರುತೆಂದು ಅವನು ಆಮೇಲೆ ವ್ಯಾಖ್ಯಾನಿಸಿದ. ಲಿಸಿಯೂದ ತೆರೇಸ್ ಕ್ಷಯದಿಂದ 24ನೆಯ ವಯಸ್ಸಿನಲ್ಲಿ, 1897ರಲ್ಲಿ, ಸಾಯುವ ಮುನ್ನ ಒಂದೂವರೆ ವರ್ಷ ಸ್ವರ್ಗವೇ ಸುಳ್ಳೇನೋ ಎಂಬ ಸಂಶಯದಲ್ಲಿ ಕಳೆದಳು. ಅವಿಶ್ವಾಸಿಗಳ ಊಟದ ಮೇಜಿನಲ್ಲಿ ತಾನೂ ಕೂತಿದ್ದೇನೆಂದು ಬರೆದುಕೊಂಡಳು. ಕಲ್ಕತ್ತೆಯ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ದಶಕಗಳ ಕಾಲ ಅವರು ಇಂಥದೇ ಬರಡಿನಲ್ಲಿ ಬಾಳಿದ್ದು ಜಗತ್ತಿಗೆ ತಿಳಿಯಿತು. ಕಪಟ ಬಯಲಾಯಿತೆಂದರು ಕೆಲವರು. 2016ರಲ್ಲಿ ಸಭೆ ಅವರನ್ನು ಸಂತರೆಂದು ಸಾರಿತು. ಪತ್ರಗಳು ಅದಕ್ಕೆ ಅಡ್ಡ ಬರಲಿಲ್ಲ.

ಸಂದೇಹವಾದಿಯ ತಕರಾರು ಇಲ್ಲಿ ಹರಿತವಾಗುತ್ತದೆ. ಇದ್ದರೂ ಸಾನ್ನಿಧ್ಯ, ಇಲ್ಲದಿದ್ದರೂ ಸಾನ್ನಿಧ್ಯ ಎನ್ನುವುದಾದರೆ ಯಾವ ಅನುಭವ ಈ ನಂಬಿಕೆಯನ್ನು ಸುಳ್ಳಾಗಿಸೀತು? ಫ್ರಾಯ್ಡ್ 1927ರಲ್ಲಿ ಹೇಳಿದ್ದು ಇನ್ನೂ ನೇರ: ಅಸಹಾಯಕ ಮನುಷ್ಯ ತನ್ನ ಬಾಲ್ಯದ ತಂದೆಯನ್ನು ಆಕಾಶಕ್ಕೆ ಏರಿಸಿದ್ದಾನೆ, ಧರ್ಮವೆಂಬುದು ಬಯಕೆಯ ಈಡೇರಿಕೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಹೆದರಿದವರು ಹೆಚ್ಚು ಪ್ರಾರ್ಥಿಸುವುದು ಗುಟ್ಟೇನಲ್ಲ. ಆದರೆ ಬಯಕೆಯೇ ದೇವರನ್ನು ಕಟ್ಟಿದ್ದರೆ ಶೂಲ ಕೀಳುವ ದೇವರನ್ನು ಕಟ್ಟುತ್ತಿತ್ತು, ಪಾತ್ರೆ ತೊಲಗಿಸುವವನನ್ನು ಕಟ್ಟುತ್ತಿತ್ತು; ಕೋರಿಕೆ ನಿರಾಕರಣೆಯಾದ ಕಥೆಗಳನ್ನೇ ಪವಿತ್ರವೆಂದು ಕಾಪಾಡಿಕೊಂಡ ಪರಂಪರೆಗೆ ಈ ವಿವರಣೆ ಸಡಿಲವಾದ ಅಂಗಿ. ದೇವರಿದ್ದಾನೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಜೊತೆಯೊಂದು ಬೇಕೆನ್ನುವುದೇ ಬಯಕೆ ಎಂದು ಫ್ರಾಯ್ಡ್‌ನ ಕಡೆಯವರು ಮರುನುಡಿಯಬಹುದು. ಆ ಮಟ್ಟದಲ್ಲಿ ವಾದ ಇತ್ಯರ್ಥವಾಗುವಂಥದಲ್ಲ.

ಇದಕ್ಕಿಂತ ಗಂಭೀರವಾದುದು ನೈತಿಕ ಆಕ್ಷೇಪ. ಕ್ರೈಸ್ತಧರ್ಮ ಬಲಹೀನತೆಯನ್ನು ವೈಭವೀಕರಿಸಿ ಬದುಕಿನ ಕಸುವನ್ನೇ ಹೀರಿತೆಂದು ನೀತ್ಶೆ ದೂರಿದ. 1989ರಲ್ಲಿ ದೇವಶಾಸ್ತ್ರಜ್ಞೆಯರಾದ ಜೋಆನ್ ಕಾರ್ಲ್‌ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ ತಕರಾರನ್ನು ಇನ್ನೊಂದು ದಿಕ್ಕಿನಿಂದ ಎತ್ತಿದರು: ನೋವಿನಲ್ಲಿ ದೇವರಿದ್ದಾನೆಂಬ ಬೋಧೆ ಹೊಡೆತ ತಿನ್ನುವ ಹೆಂಗಸನ್ನು ಹೊಡೆತದಲ್ಲೇ ಉಳಿಸುತ್ತದೆ. ಈ ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ, ಚರಿತ್ರೆಯಲ್ಲಿ ಹಾಗಾಗಿದೆ. ಆದರೆ ಆ ಬಳಕೆಗಾಗಿ ಗ್ರಂಥವನ್ನು ಕತ್ತರಿಸಬೇಕಾಯಿತು ಎನ್ನುವುದೂ ಚರಿತ್ರೆಯೇ. ವೆಸ್ಟ್ ಇಂಡೀಸಿನ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನಲ್ಲಿ ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆಯಾದ ಕಥೆಯನ್ನೇ ಕೈಬಿಡಲಾಗಿತ್ತು. ಬಾವಿಯಲ್ಲಿ ಜೊತೆಗಿರುವ ದೇವರು ಬಾವಿಯಲ್ಲೇ ಇರು ಎನ್ನುವವನಲ್ಲವೆಂದು ಆ ಸಂಪಾದಕರಿಗೆ ಚೆನ್ನಾಗಿ ಗೊತ್ತಿತ್ತು. 1956ರ ಜನವರಿ 27ರ ರಾತ್ರಿ ಮಾಂಟ್‌ಗೊಮರಿಯಲ್ಲಿ, ಬಸ್ ಬಹಿಷ್ಕಾರದ ಮುಂದಾಳಾಗಿದ್ದ 27ರ ಹರೆಯದ ಮಾರ್ಟಿನ್ ಲೂಥರ್ ಕಿಂಗ್‌ಗೆ ಕೊಲೆ ಬೆದರಿಕೆಯ ಫೋನ್ ಬಂತು. ಹೆಂಡತಿ, ಹಸುಗೂಸು ಮಲಗಿದ್ದರು. ನಿದ್ದೆ ಬಾರದೆ ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿ, ಅದನ್ನು ಕುಡಿಯದೆ ಮೇಜಿನ ಮೇಲೆ ಬಾಗಿ, ತನಗೆ ಭಯವಾಗುತ್ತಿದೆ, ಶಕ್ತಿ ಮುಗಿದಿದೆ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ನ್ಯಾಯಕ್ಕಾಗಿ ನಿಲ್ಲು, ನಾನಿರುತ್ತೇನೆ ಎಂಬ ಒಳದನಿ ಕೇಳಿತೆಂದು ನಂತರ ಬರೆದರು. ಮೂರು ದಿನದಲ್ಲಿ ಅವರ ಮನೆಯ ಜಗಲಿಗೆ ಬಾಂಬು ಬಿತ್ತು. ಬಹಿಷ್ಕಾರ ಮುಂದುವರಿಯಿತು.

ಭಾರತದಲ್ಲಿ ಈ ಎಳೆ ದಲಿತ ದೇವಶಾಸ್ತ್ರವಾಗಿ ಬೆಳೆಯಿತು, ಅದಕ್ಕೆ ಬೆಂಗಳೂರಿನ ನಂಟೂ ಇದೆ. ನಗರದ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ 1981ರಲ್ಲಿ ಮಾಡಿದ ಭಾಷಣ ಅದರ ಮೊದಲ ಹೆಜ್ಜೆಗಳಲ್ಲೊಂದು. ದಲಿತನಿಗೆ ದೇವರ ಅರಿವು ಸಿದ್ಧಾಂತದ ಮೂಲಕ ಬರುವುದಿಲ್ಲ, ತಾನುಂಡ ನೋವಿನೊಳಗಿನಿಂದಲೇ ಬರುತ್ತದೆಂಬುದು ಅವರ ನಿಲುವು. ಅಂತರವೂ ಅಲ್ಲಿದೆ: ಇಲ್ಲಿನ ಬಲಹೀನತೆ ವ್ಯಕ್ತಿಯ ಒಳಸಂಕಟವಲ್ಲ, ಜಾತಿ ಹೇರಿದ್ದು, ಅದರಲ್ಲಿ ದೇವರಿದ್ದಾನೆಂದು ಸುಮ್ಮನೆ ಹೇಳಿ ಮುಗಿಸುವಂತಿಲ್ಲ.

ದೇವರೂ ನೋಯುತ್ತಾನೆಯೇ ಎಂಬ ಹಳೆಯ ಪ್ರಶ್ನೆ 20ನೆಯ ಶತಮಾನದಲ್ಲಿ ಮತ್ತೆ ತೀವ್ರವಾಯಿತು. ನಾಜಿಗಳ ಟೇಗೆಲ್ ಸೆರೆಮನೆಯಿಂದ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ 1944ರ ಜುಲೈನಲ್ಲಿ ಬರೆದ ಪತ್ರದಲ್ಲಿ, ನೆರವಾಗಬಲ್ಲವನು ನೋವುಣ್ಣುವ ದೇವರೊಬ್ಬನೇ ಎಂಬ ತೀರ್ಮಾನಕ್ಕೆ ಬಂದರು. ಮರುವರ್ಷ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. 1943ರ ಹ್ಯಾಂಬರ್ಗ್ ಬಾಂಬ್ ದಾಳಿಯಲ್ಲಿ ಬದುಕುಳಿದ ಹುಡುಗ ಯುರ್ಗೆನ್ ಮೋಲ್ಟ್‌ಮನ್ ಮುಂದೆ ಯುದ್ಧಕೈದಿಯಾಗಿ ಬೈಬಲ್ ಓದತೊಡಗಿ, ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನ ಕೂಗಿನ ಸುತ್ತ 1972ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಕ್ಯಾಥೊಲಿಕ್ ದೇವಶಾಸ್ತ್ರಜ್ಞ ಕಾರ್ಲ್ ರಾನರ್ ಒಪ್ಪಲಿಲ್ಲ: ನಾನು ಸಿಕ್ಕಿಬಿದ್ದ ಹೊಂಡದಲ್ಲೇ ದೇವರೂ ಸಿಕ್ಕಿಬಿದ್ದರೆ ನನಗೇನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಎಬೆದ್ಮೆಲೆಕನೂ ಬಾವಿಗೆ ಹಾರಿದ್ದರೆ ಇಬ್ಬರೂ ಮುಳುಗುತ್ತಿದ್ದರು. ಹಗ್ಗದ ಒಂದು ತುದಿ ಮೇಲಿರಲೇಬೇಕೆಂಬ ರಾನರ್ ಅವರ ಪಟ್ಟು ಸರಿ. ಮೇಲೇ ನಿಂತವನ ಸಾಂತ್ವನ ಸೆರೆಮನೆಯಲ್ಲಿ ಟೊಳ್ಳಾಗಿ ಕೇಳುತ್ತದೆಂಬ ಬೊನ್‌ಹೋಫರ್ ಅವರ ಅರಿವೂ ಸರಿ. ದೇವತ್ವ ಮನುಷ್ಯತ್ವಗಳೆರಡೂ ಒಬ್ಬನಲ್ಲೇ ಇವೆ ಎಂದು 451ರ ಖಾಲ್ಸೆಡೋನ್ ಸಭೆ ಸೂತ್ರ ಬರೆದದ್ದೇ ಎರಡು ತುದಿಯನ್ನೂ ಬಿಡಬಾರದೆಂದು. ಸೂತ್ರ ಒಗಟನ್ನು ಬಿಡಿಸಿಲ್ಲ, ಬೇಲಿ ಹಾಕಿದೆ ಅಷ್ಟೆ.

ಆ ಒಗಟಿನ ಜೊತೆ ಬಾಳುವುದು ಎಷ್ಟು ಕಷ್ಟವೆಂಬುದಕ್ಕೆ ಮಾರ್ಕನ ಸುವಾರ್ತೆಯ ಕೊನೆಯ ಪುಟವನ್ನು ನೋಡಬೇಕು. ಉಪಲಬ್ಧವಿರುವ ಅತ್ಯಂತ ಹಳೆಯ ಪೂರ್ಣ ಪ್ರತಿಗಳಲ್ಲಿ ಅದು 16ನೆಯ ಅಧ್ಯಾಯದ 8ನೆಯ ವಚನಕ್ಕೇ ನಿಲ್ಲುತ್ತದೆ. ಯೇಸು ಎದ್ದಿದ್ದಾನೆಂಬ ಸುದ್ದಿ ಕೇಳಿದ ಮೂವರು ಹೆಂಗಸರು ಬರಿದಾದ ಸಮಾಧಿಯಿಂದ ನಡುಗುತ್ತ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ, ಏಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ಗ್ರಂಥ ಹೀಗೆ ಮುಗಿಯುವುದನ್ನು ಸಹಿಸಲಾರದೆ ಮುಂದಿನ ಲಿಪಿಕಾರರು ಹನ್ನೆರಡು ವಚನ ಸೇರಿಸಿದರು; ಅವುಗಳಲ್ಲಿ ಹಾವು ಕಚ್ಚದು, ವಿಷ ಏರದು, ರೋಗ ನಿಲ್ಲದು.